ತವರಿನ ಜಾಡು

ವಂಶವೃಕ್ಷವೆಂಬ ಮಾತು ಸೊಗಸಾದುದು. ಬೇರು, ಬೊಡ್ಡೆ, ಕೊಂಬೆ, ಚಿಗುರುಗಳೆಂದು ಒಂದು ಮನೆತನದ ನೂರಾರು ವರ್ಷಗಳ ಬಾಳನ್ನು ಮರವೊಂದರ ಆಕಾರದಲ್ಲಿ ಕಂಡ ಹಿರಿಯರ ಕಲ್ಪನೆ ಮೆಚ್ಚತಕ್ಕದ್ದೇ ಸರಿ. ಆದರೆ ಯಾವ ಮನೆಯ ಪೆಟ್ಟಿಗೆಯಲ್ಲಿ ಮಡಿಸಿಟ್ಟ ವಂಶವೃಕ್ಷವನ್ನು ಬಿಡಿಸಿ ನೋಡಿದರೂ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಅಲ್ಲಿ ತಂದೆಯಿಂದ ಮಗ, ಮಗನಿಂದ ಮೊಮ್ಮಗ ಹುಟ್ಟುತ್ತಾರೆ. ಹಡೆದವಳು ಮಾತ್ರ ಕಾಣುವುದಿಲ್ಲ. ಮಗಳಾಗಿ ಹುಟ್ಟಿದವಳ ಕೊಂಬೆ ಮದುವೆಯ ದಿನಕ್ಕೆ ಮುಗಿಯುತ್ತದೆ. ಸೊಸೆಯಾಗಿ ಬಂದವಳಿಗೆ ಅಲ್ಲಿ ಬೇರೇ ಇಲ್ಲ. ಹೀಗಿರಲು ಒಬ್ಬ ಹೆಣ್ಣುಮಗಳ ಕುಟುಂಬಜೀವನದ ಜಾಡನ್ನು ಹಿಡಿಯಹೊರಟವರು ಯಾವ ದಾರಿಯನ್ನು ಅನುಸರಿಸಬೇಕು ಎಂಬುದು ವಿಚಾರಕ್ಕೆ ಯೋಗ್ಯವಾದ ಪ್ರಶ್ನೆ.

ಪಾಳ್ಯ ಆಲೂರು ತಾಲ್ಲೂಕಿನ ಒಂದು ಹೋಬಳಿ. ಹಾಸನದಿಂದ ಪಡುವಣಕ್ಕೆ, ಸಕಲೇಶಪುರದತ್ತ ಸಾಗುವವರಿಗೆ ಬಯಲು ಹಿಂದುಳಿದು ಗುಡ್ಡಗಳು ಎದುರುಗೊಳ್ಳುವ ಸೀಮೆ ಇದು. ತಗ್ಗಿನಲ್ಲಿ ಬತ್ತದ ಗದ್ದೆ, ಇಳಿಜಾರಿನಲ್ಲಿ ಮರದ ನೆರಳಿನ ಕಾಫಿ ತೋಟ, ಮರಗಳನ್ನು ತಬ್ಬಿದ ಮೆಣಸಿನ ಬಳ್ಳಿ. ಇಂಥ ಒಂದು ತೋಟದ ಮನೆಗೆ 1950ರ ದಶಕದಲ್ಲಿ ಸೊಸೆಯಾಗಿ ಬಂದು, ಮಕ್ಕಳು ಮೊಮ್ಮಕ್ಕಳನ್ನು ಕಂಡು ಅಲ್ಲಿಯೇ ಕಣ್ಮುಚ್ಚಿದ ಗೃಹಿಣಿಯೊಬ್ಬಳ ಜಾಡನ್ನು ಆಕೆಯ ಮೊಮ್ಮಗಳು ಅರಸಿದ ವೃತ್ತಾಂತ ಇಲ್ಲಿದೆ. ಬದುಕಿರುವವರ ಮನಸ್ಸಿಗೆ ಮುಜುಗರವಾಗದಿರಲೆಂದು ಮನೆತನದ ಹೆಸರನ್ನು ಬಿಟ್ಟಿದೆ.

ಆ ಗೃಹಿಣಿಯನ್ನು ಮಕ್ಕಳು ಅವ್ವ ಎಂದರು, ಮೈದುನಂದಿರು ಅತ್ತಿಗೆ ಎಂದರು, ತೋಟದ ಆಳುಗಳು ಅಮ್ಮಾವ್ರು ಎಂದರು. ಊರಿನ ಹಿರಿಯ ಹೆಂಗಸರು ಮಾತ್ರ ‘ಹೊಳೆಯಾಚೆಯವಳು’ ಎಂದು ಗುರುತಿಸುತ್ತಿದ್ದರು. ಹೇಮಾವತಿಯ ಆಚೆದಡದ ಹಳ್ಳಿಯೊಂದು ಆಕೆಯ ತವರು. ಹೀಗೆ ಎಲ್ಲರಿಗೂ ಒಂದೊಂದು ಸಂಬಂಧದಿಂದ ಪರಿಚಿತಳಾದ ಆಕೆಯ ಸ್ವಂತ ಹೆಸರು ಯಾರ ಬಾಯಲ್ಲಿಯೂ ಉಳಿದಿರಲಿಲ್ಲ.

ಆಕೆಯ ದಿನಚರಿ ಈ ಸೀಮೆಯ ಸಾವಿರಾರು ಗೃಹಿಣಿಯರ ದಿನಚರಿಯಂತೆಯೇ ಇದ್ದಿತು. ಮಾಗಿಯ ಚಳಿಯಲ್ಲಿ ಹಣ್ಣು ಕೊಯ್ಯುವ ಆಳುಗಳಿಗೆ ಬೆಳಗಾಗುವುದರೊಳಗೆ ಅಕ್ಕಿರೊಟ್ಟಿ ತಟ್ಟುವುದು. ಕಣದಲ್ಲಿ ಹರವಿದ ಕಾಫಿಯನ್ನು ಹಗಲೆಲ್ಲ ಕೆದಕಿ, ಸಂಜೆಗೆ ರಾಶಿಮಾಡಿ ಮುಚ್ಚುವುದು. ಬೇಸಗೆಯ ಹೂಮಳೆಗಾಗಿ ಆಕಾಶವನ್ನು ನೋಡುವುದು. ಮಳೆಗಾಲದಲ್ಲಿ ಕಳಲೆ, ಅಣಬೆ, ಕೆಸುವಿನ ಎಲೆಗಳಿಂದ ಇಡೀ ಮನೆಯನ್ನು ಸಾಕುವುದು. ಆಳುಗಳ ಲೆಕ್ಕವನ್ನು ಹಿತ್ತಿಲ ಗೋಡೆಯ ಮೇಲೆ ಇದ್ದಲಿನ ಗೀಟುಗಳಿಂದ ಇಡುತ್ತಿದ್ದಳು. ಆದುದರಿಂದ ಆಕೆಗೆ ಓದುಬರಹ ಬಾರದೆಂದೇ ಮನೆಯವರ ತಿಳಿವಳಿಕೆ. ಇನ್ನೊಂದು ನಂಬಿಕೆಯೂ ಆ ಮನೆಯಲ್ಲಿ ಬೇರುಬಿಟ್ಟಿದ್ದಿತು. 1970ರ ದಶಕದ ಕೊನೆಯಿಂದ ಆಕೆ ತವರಿಗೆ ಹೋದುದನ್ನು ಯಾರೂ ಕಾಣಲಿಲ್ಲ. ತವರಿನವರು ಕೈಬಿಟ್ಟರು, ಅಣ್ಣತಮ್ಮಂದಿರ ಕೂಡ ಏನೋ ಮನಸ್ತಾಪವಾಯಿತು ಎಂದು ಮಕ್ಕಳು ಊಹಿಸಿಕೊಂಡರು. ಆಕೆ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಅಜ್ಜಿ ತೀರಿಕೊಂಡ ಮೇಲೆ ಮೊಮ್ಮಗಳು ಮೊದಲು ಮೊರೆಹೊಕ್ಕುದು ಕಾಗದಪತ್ರಗಳನ್ನು. ಮೈಸೂರು ಸೀಮೆಯ ಕಂದಾಯದ ಬರವಣಿಗೆಯಲ್ಲಿ ಎರಡು ಪುಟ್ಟ ಶಬ್ದಗಳುಂಟು: ‘ಬಿನ್’ ಮತ್ತು ‘ಕೋಂ’. ಬಿನ್ ಎಂದರೆ ಇಂಥವನ ಮಗ, ಕೋಂ ಎಂದರೆ ಇಂಥವನ ಹೆಂಡತಿ. ಬಿನ್ ಎಂಬುದು ಅರಬ್ಬೀ ಶಬ್ದ; ದಫ್ತರಗಳ ಮೂಲಕ ಬಂದು ಕನ್ನಡ ಕಾಗದಗಳಲ್ಲಿ ನೆಲಸಿತು. ತೋಟಗದ್ದೆಗಳ ಪಹಣಿಗಳಲ್ಲಿ ಬಿನ್‌ಗಳ ಸಾಲು ತಾತನ ತಾತನವರೆಗೆ ಹಬ್ಬಿದ್ದಿತು. ಗಂಡ ಬದುಕಿದ್ದಾಗಲೇ ಗಂಡುಮಕ್ಕಳ ಹೆಸರಿಗೆ ಪಾಲುಪಟ್ಟಿಯಾಗಿದ್ದುದರಿಂದ ಅಜ್ಜಿಗೆ ಅಲ್ಲಿ ಒಂದು ‘ಕೋಂ’ ಕೂಡ ದೊರಕಿರಲಿಲ್ಲ. ಮತದಾರರ ಪಟ್ಟಿಯಲ್ಲಿ ಒಂದು ಹೆಸರಿದ್ದಿತು. ಆದರೆ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವ ರೂಢಿ ಆ ಮನೆತನದಲ್ಲಿದ್ದುದರಿಂದ, ಅದು ಗಂಡನ ಮನೆಯವರು ಕೊಟ್ಟ ಹೆಸರು.

ಇದು ಪಾಳ್ಯದ ಒಂದು ಮನೆಯ ಕಥೆ ಮಾತ್ರವಲ್ಲ. ಸ್ತ್ರೀಯರಿಗೆ ಮಾತಿನ ಅಧಿಕಾರವನ್ನು ಕೊಟ್ಟ ಹನ್ನೆರಡನೆಯ ಶತಮಾನದ ಶರಣರ ಕಾಲದಲ್ಲಿಯೂ ಹಲವು ವಚನಕಾರ್ತಿಯರು ಲೋಕಕ್ಕೆ ತಿಳಿದಿರುವುದು ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ, ಸಿದ್ಧಬುದ್ಧಯ್ಯಗಳ ಪುಣ್ಯಸ್ತ್ರೀ ಕಾಳವ್ವೆ ಎಂದು ಪತಿಯ ಹೆಸರಿನ ಮೂಲಕವೇ. ಆದರೂ ಅವರ ವಚನಗಳು ಉಳಿದವು. ವಚನಗಳ ಜೊತೆಗೆ ಹೆಸರೂ ಉಳಿಯಿತು. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ 1951–52ರಲ್ಲಿ ನಡೆದಾಗ, ಪಟ್ಟಿ ಬರೆಯಲು ಬಂದವರಿಗೆ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಹೇಳಿದ ಸುಮಾರು 28 ಲಕ್ಷ ಸ್ತ್ರೀಯರನ್ನು ಮತದಾರರ ಪಟ್ಟಿಯಿಂದ ಕೈಬಿಡಬೇಕಾಯಿತು. ಅವರಲ್ಲಿ ಹೆಚ್ಚಿನವರು ಉತ್ತರದ ಪ್ರಾಂತಗಳವರು. ದೂರದ ಆಸ್ಟ್ರೇಲಿಯದಲ್ಲಿ ಸ್ತ್ರೀಯರಿಗೆ 1902ರಲ್ಲಿಯೇ ಮತದ ಹಕ್ಕು ಬಂದಿತು. ಆದರೆ ಅಲ್ಲಿಯ ಪಟ್ಟಿಗಳಲ್ಲಿ, ಹಸು ಕರೆದು ಹೊಲ ನೋಡಿಕೊಂಡು ಸಂಸಾರವನ್ನು ಹೊತ್ತ ಹಳ್ಳಿಯ ಹೆಂಗಸಿನ ಉದ್ಯೋಗವೂ ‘ಮನೆಗೆಲಸ’ ಎಂದೇ ದಾಖಲಾಗುತ್ತಿದ್ದಿತು. ಹಳೆಯ ಪತ್ರಿಕೆಗಳಲ್ಲಿ ಆಕೆ ಕಾಣಿಸಿಕೊಂಡುದೂ ಸಾಮಾನ್ಯವಾಗಿ ಗಂಡನ ಹೆಸರಿನ ಹಿಂದೆ ಶ್ರೀಮತಿ ಎಂಬ ಶಬ್ದವಾಗಿ ಮಾತ್ರ.

ಇಷ್ಟು ದೂರ ಹೋಗುವುದೂ ಬೇಡ. ಇದೇ ಗುಡ್ಡಗಳು ತೆಂಕಣಕ್ಕೆ ಮುಂದುವರಿದ ಕೊಡಗಿನಲ್ಲಿ, ಶುಂಠಿಕೊಪ್ಪದ ಬಳಿಯ ಕಾಫಿ ತೋಟದ ಮನೆಯಲ್ಲಿ ಬಾಳಿದವರು ಕಥೆಗಾರ್ತಿ ಗೌರಮ್ಮನವರು. ಗಂಡ ತೋಟದ ಮೇಲ್ವಿಚಾರಕರು. 1912ರಲ್ಲಿ ಹುಟ್ಟಿ 1939ರಲ್ಲಿ ನೀರಿನಲ್ಲಿ ಮುಳುಗಿ ಅಕಾಲಮರಣಕ್ಕೀಡಾದ ಈ ಪ್ರತಿಭಾವಂತೆ ಪತ್ರಿಕೆಗಳಲ್ಲಿ ಬರೆದುದು ‘ಶ್ರೀಮತಿ ಬಿ. ಟಿ. ಜಿ. ಕೃಷ್ಣ’ ಎಂಬ, ಗಂಡನ ಹೆಸರಿನಿಂದಾದ ಹೆಸರಿನಲ್ಲಿ. ‘ಕಂಬನಿ’, ‘ಚಿಗುರು’ ಎಂಬ ಕಥಾಸಂಕಲನಗಳು ಅವರ ನೆನಪನ್ನು ಕಾಪಾಡಿದವು. ಇಂದು ಕನ್ನಡಿಗರು ಅವರನ್ನು ಕೊಡಗಿನ ಗೌರಮ್ಮ ಎಂದೇ ಬಲ್ಲರು. ಪುಸ್ತಕ ಬರೆದವರ ಹೆಸರು ಹೀಗೆ ಮರಳಿ ದೊರಕಿತು. ಬರೆಯದವರ ಗತಿಯೇನು?

ವಂಶದ ವಿವರಗಳನ್ನು ಕಾಪಾಡುವುದನ್ನೇ ವೃತ್ತಿಯಾಗುಳ್ಳ ಹೆಳವರು ಕರ್ನಾಟಕದಲ್ಲಿದ್ದಾರೆ. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಮನೆಯ ಮುಂದೆ ಬಂದು ನಿಂತು, ಆ ಮನೆತನದ ಹಿರಿಯರ ಹೆಸರುಗಳನ್ನೂ ಮೂಲಸ್ಥಳವನ್ನೂ ಕೊಂಡಾಡಿ, ದವಸಧಾನ್ಯಗಳನ್ನು ಪಡೆದು, ಹೊಸದಾಗಿ ಹುಟ್ಟಿದವರನ್ನು ಹೊತ್ತಗೆಯಲ್ಲಿ ಬರೆದುಕೊಂಡು ಹೋಗುವುದು ಅವರ ಸಂಪ್ರದಾಯ. ಅವರ ಸೇವೆ ದೊಡ್ಡದು. ಆದರೆ ಅಲ್ಲಿಯೂ ಪ್ರಧಾನವಾದುದು ಗಂಡುಸಂತತಿಯ ಸರಣಿ. ಮೊಮ್ಮಗಳಿಗೆ ಬೇಕಾದ ಹೆಸರು ಆ ದಾರಿಯಲ್ಲಿಯೂ ಸಿಕ್ಕಲಿಲ್ಲ.

ಅದು ಸಿಕ್ಕಿದುದು ಅಟ್ಟದ ಮೇಲೆ. ಮದುವೆಯಲ್ಲಿ ಮಗಳಿಗೆ ಕೊಡುವ ಪಾತ್ರೆಗಳ ಮೇಲೆ ಹೆಸರು ಕೆತ್ತಿಸುವ ವಾಡಿಕೆ ವಾಚಕರಿಗೆ ತಿಳಿದೇ ಇದೆ. ಹಬ್ಬಕ್ಕೆಂದು ತೊಳೆಯಲು ಇಳಿಸಿದ ಹಳೆಯ ತಾಮ್ರದ ಹಂಡೆಯ ಕಂಠದಲ್ಲಿ, ಕಿಲುಬನ್ನು ಹುಣಿಸೆಹಣ್ಣಿನಿಂದ ಉಜ್ಜಿದಾಗ ಚುಕ್ಕೆಚುಕ್ಕೆಯಾಗಿ ಅಕ್ಷರಗಳು ಮೂಡಿದವು: ಹುಟ್ಟಿದ ಊರು, ತಂದೆಯ ಹೆಸರು, ಅದರ ಮುಂದೆ ಮಗಳ ಹೆಸರು. ಐವತ್ತು ವರ್ಷಕ್ಕೂ ಮಿಕ್ಕಿ ಆ ಮನೆಯ ನೀರು ಕಾಯಿಸಿದ ಹಂಡೆಯಲ್ಲಿ ಆ ಹೆಸರು ಮಸಿ ಹಿಡಿದು ಕುಳಿತಿದ್ದಿತು.

ಆದರೆ ಆ ಊರನ್ನು ಹುಡುಕುವುದಾದರೂ ಎಲ್ಲಿ? ಮೂಡಿಗೆರೆಯ ಗಿರಿಗಳಲ್ಲಿ ಹುಟ್ಟಿ, ಸಕಲೇಶಪುರ ಆಲೂರುಗಳನ್ನು ಹಾಯ್ದು ಹರಿಯುವ ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಮುಗಿದುದು 1979ರಲ್ಲಿ. ಸುಮಾರು 37 ಟಿ.ಎಂ.ಸಿ. ನೀರು ನಿಲ್ಲುವ ಆ ಜಲಾಶಯದಿಂದ ಕೆಳಗಿನ ಸೀಮೆಯ ಲಕ್ಷಾಂತರ ಎಕರೆಗೆ ನೀರುಂಟಾಯಿತು. ಹಾಗೆಯೇ ನದಿಯ ಎರಡು ದಡಗಳ ಹಳ್ಳಿಗಳು, ಗದ್ದೆಗಳು, ಗುಡಿಗಳು ನೀರಿನ ಪಾಲಾದವು. ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಗೆಯಲ್ಲಿ ನೆಲದ ಮೇಲೆ ನಿಲ್ಲುವುದನ್ನು ನೋಡಲು ಇಂದು ದೂರದೂರಿನವರು ಬರುತ್ತಾರೆ. ಗೋಪುರವಿಲ್ಲದ ಹಳ್ಳಿಯ ಮನೆಗಳನ್ನು ನೋಡಲು ಬರುವವರಿಲ್ಲ. ಹಂಡೆಯ ಮೇಲಿದ್ದ ಊರು ಮುಳುಗಡೆಯ ಊರುಗಳಲ್ಲಿ ಒಂದಾಗಿದ್ದಿತು.

ಮುಂದಿನ ದಾರಿಯನ್ನು ತೋರಿದುದು ಅಜ್ಜಿಯ ಟ್ರಂಕಿನ ತಳದಲ್ಲಿದ್ದ ಮನಿಯಾರ್ಡರಿನ ಚೀಟಿಗಳ ಕಟ್ಟು. ಮನಿಯಾರ್ಡರ್ ಫಾರಮಿನ ಒಂದು ತುಂಡು ಹಣ ಪಡೆದವರ ಕೈಯಲ್ಲಿ ಉಳಿಯುತ್ತಿದ್ದಿತು. ಸಹಿ ಮಾಡಿಕೊಟ್ಟ ಇನ್ನೊಂದು ತುಂಡು ಕಳುಹಿಸಿದವರಿಗೆ ಹಿಂದಿರುಗುತ್ತಿದ್ದಿತು. ಪ್ರತಿವರ್ಷವೂ ಭಾದ್ರಪದದಲ್ಲಿ, ಗೌರಿಹಬ್ಬದ ಮುನ್ನ, ತಮ್ಮನು ಬಾಗಿನಕ್ಕೆಂದು ಕಳುಹಿಸಿದ ಹಣ ಅದು. ಕೆಲವು ವರ್ಷ ಹತ್ತು ರೂಪಾಯಿ, ಕೆಲವು ವರ್ಷ ಇಪ್ಪತ್ತೈದು. ಚೀಟಿಯಲ್ಲಿ ಜಿಲ್ಲೆಯ ಇನ್ನೊಂದು ಮೂಲೆಯ, ಮುಳುಗಡೆಯವರು ಹೊಸದಾಗಿ ಮನೆಕಟ್ಟಿಕೊಂಡ ಊರಿನ ವಿಳಾಸವಿದ್ದಿತು.

ಮೊಮ್ಮಗಳು ಅಲ್ಲಿಗೆ ಹೋದಾಗ ಆ ತಮ್ಮ ಇರಲಿಲ್ಲ. ಆತನ ವೃದ್ಧಪತ್ನಿ ಇದ್ದಳು. ಅಜ್ಜಿ ಯಾಕೆ ತವರಿಗೆ ಬರುವುದನ್ನು ಬಿಟ್ಟಳೆಂಬ ಪ್ರಶ್ನೆಗೆ ಆ ಮುದುಕಿ ಕೊಟ್ಟ ಉತ್ತರ ಇದು: “ಬರೋಕೆ ಊರಿತ್ತಾ ಮಗಾ? ಈ ಮನೆ ಅವಳು ಹುಟ್ಟಿದ ಮನೆ ಅಲ್ಲ, ಈ ಬಾವಿ ಅವಳು ನೀರು ಸೇದಿದ ಬಾವಿ ಅಲ್ಲ. ಒಂದೇ ಒಂದ್ಸಲ ಬಂದಿದ್ಲು. ಹೊಸಲು ದಾಟದೆ ನಿಂತ್ಕೊಂಡು ಅತ್ತುಬಿಟ್ಲು.”

ಬಳಿಕ ಆಕೆ ಒಳಗಿನಿಂದ ಒಂದು ಡಬ್ಬಿಯನ್ನು ತಂದಳು. ಹಿಂದಿರುಗಿದ ಮನಿಯಾರ್ಡರಿನ ತುಂಡುಗಳೆಲ್ಲ ಅದರಲ್ಲಿದ್ದವು. ಒಂದೊಂದರ ಮೇಲೂ ಶಾಯಿಯಲ್ಲಿ ದುಂಡಾದ ಕನ್ನಡದ ಸಹಿ. ಹಂಡೆಯ ಮೇಲಿದ್ದ ಅದೇ ಹೆಸರು. ಓದುಬರಹ ಬಾರದವಳೆಂದು ಮನೆಯವರೆಲ್ಲ ತಿಳಿದಿದ್ದವಳು ತವರಿನ ಊರಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಕಲಿತಿದ್ದಳು. ಆಕೆ ಅದನ್ನು ಬಚ್ಚಿಟ್ಟವಳಲ್ಲ. ಗಂಡನ ಮನೆಯಲ್ಲಿ ಆಕೆ ಸಹಿ ಮಾಡಬೇಕಾದ ಕಾಗದವೇ ಹುಟ್ಟಲಿಲ್ಲ. ವರ್ಷಕ್ಕೊಮ್ಮೆ ಅಂಚೆಯವನು ಹಿತ್ತಿಲ ಬಾಗಿಲಿಗೆ ಬಂದಾಗ ಮಾತ್ರ ಆ ಹೆಸರಿಗೆ ಜೀವ ಬರುತ್ತಿದ್ದಿತು.

ಡಬ್ಬಿಯ ತಳದಲ್ಲಿ ಇನ್ನೊಂದು ಕಾಗದವಿದ್ದಿತು. ಮುಳುಗಡೆಯ ಪರಿಹಾರ ಬಂದಾಗ, ತಂದೆಯ ಪಾಲಿನಲ್ಲಿ ತನಗಿದ್ದ ಅಂಶವನ್ನು ತಮ್ಮನಿಗೆ ಬಿಟ್ಟುಕೊಟ್ಟ ಬಿಡುಗಡೆ ಪತ್ರ. ನೆಲೆ ತಪ್ಪಿದ ತಮ್ಮನ ಸಂಸಾರ ಹೊಸ ನೆಲದಲ್ಲಿ ಬೇರೂರಲೆಂದು ಆಕೆ ಬರೆದುಕೊಟ್ಟುದು ಅದು. ತವರು ಆಕೆಯನ್ನು ಕೈಬಿಡಲಿಲ್ಲ. ಆಕೆಯೇ ತವರಿಗೆ ಕೈಯಾಸರೆಯಾಗಿ ನಿಂತಳು. ಪಾಳ್ಯದ ಮನೆಯಲ್ಲಿ ಮೂರು ತಲೆಮಾರು ನಂಬಿದ್ದ ಕಥೆ ಒಂದು ಹಾಳೆಯ ಮುಂದೆ ತಲೆಕೆಳಗಾಯಿತು. ಸುದ್ದಿಯನ್ನು ಕೇಳಿದ ಹಿರಿಯ ಮಗ, ತಾನೂ ಎಪ್ಪತ್ತನ್ನು ದಾಟಿದವನು, ಬಹಳ ಹೊತ್ತು ಮಾತಾಡದೆ ಇದ್ದು, “ಅವ್ವನನ್ನ ಒಂದ್ಸಲನಾದ್ರೂ ಕೇಳ್ಬೇಕಾಗಿತ್ತು” ಎಂದನಂತೆ.

ಹೆಣ್ಣುಮಕ್ಕಳ ಹಕ್ಕಿನ ವಿಷಯದಲ್ಲಿ ಕಾಯಿದೆಗಳು ನಿಧಾನವಾಗಿಯಾದರೂ ನಡೆದುಬಂದಿವೆ. ಮೈಸೂರು ಸಂಸ್ಥಾನದಲ್ಲಿ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ತಂದೆಯ ಪಾಲಿನಲ್ಲಿ ಮಗಳಿಗೂ ಅಂಶವಿತ್ತಿತು. ಕರ್ನಾಟಕದ ತಿದ್ದುಪಡಿ 1994ರಲ್ಲಿ ಬಂದು ಪಿತ್ರಾರ್ಜಿತದಲ್ಲಿ ಸಮಪಾಲು ನೀಡಿತಾದರೂ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೊಡೆಯಿತು. ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಇವೆಲ್ಲವೂ ಸಂತೋಷದ ಸಂಗತಿಗಳು. ಆದರೆ ಕಾಯಿದೆ ಪಾಲನ್ನು ಕೊಡಬಲ್ಲುದೇ ಹೊರತು ನೆನಪನ್ನು ಕೊಡಲಾರದು. ಬಿಟ್ಟುಕೊಟ್ಟವಳು ಯಾತಕ್ಕಾಗಿ ಬಿಟ್ಟುಕೊಟ್ಟಳೆಂಬುದು ಯಾವ ದಫ್ತರದಲ್ಲಿಯೂ ದೊರೆಯುವುದಿಲ್ಲ. ಅದನ್ನು ಕೇಳಿ ತಿಳಿಯಬೇಕಾದವರು ಮನೆಯವರೇ.

ಹಳಗನ್ನಡದ ಕವಿಗಳು ತವರ್ಮನೆ ಎಂಬ ಮಾತನ್ನು ಹೆಣ್ಣಿನ ಹುಟ್ಟುಮನೆಗೆ ಮಾತ್ರವಲ್ಲದೆ, ಸದ್ಗುಣಗಳು ಹುಟ್ಟುವ ಉಗಮಸ್ಥಾನವೆಂಬ ಅರ್ಥದಲ್ಲಿಯೂ ಬಳಸಿದ್ದಾರೆ. ಆ ಅರ್ಥದಲ್ಲಿ ನೋಡಿದರೆ ಪಾಳ್ಯದ ಆ ಮನೆಯ ಔದಾರ್ಯಕ್ಕೂ ತಾಳ್ಮೆಗೂ ತವರ್ಮನೆ ನೀರಿನಡಿಯ ಆ ಹಳ್ಳಿಯೇ.

ಶಾಲೆಯ ದಾಖಲೆಗಳಲ್ಲಿ ಈಚಿನ ದಶಕಗಳಲ್ಲಿ ತಂದೆಯ ಹೆಸರಿನೊಡನೆ ತಾಯಿಯ ಹೆಸರೂ ಸೇರಿದೆ; ಇದು ಶುಭಾರಂಭ. ಇದನ್ನು ಇನ್ನೆರಡು ಹೆಜ್ಜೆ ಮುಂದೊಯ್ಯುವುದು ಕಷ್ಟವಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯೂ ತಾಯಿಯ ಹೆಸರು, ತಾಯಿಯ ತಾಯಿಯ ಹೆಸರು, ಅವಳ ತಾಯಿಯ ಹೆಸರು, ಅವರು ಹುಟ್ಟಿದ ಊರುಗಳು, ಕಲಿತ ಶಾಲೆ ಇಷ್ಟನ್ನು ಮನೆಯ ಹಿರಿಯರಿಂದ ಕೇಳಿ ಒಂದು ಪುಟದಲ್ಲಿ ಬರೆದಿಡಲಿ. ಗುರುಗಳು ಅದನ್ನು ಬರೆಯಿಸಲಿ. ಹೆತ್ತವರ ಜ್ಞಾಪಕಾರ್ಥವಾಗಿ ಕೊಠಡಿ ಕಟ್ಟಿಸುವ, ದತ್ತಿ ಇಡುವ ದಾನಿಗಳು ಕಲ್ಲಿನ ಮೇಲೆ ತಾಯಿಯ ಹೆಸರಿನ ಜೊತೆಗೆ ಆಕೆಯ ತವರೂರನ್ನೂ ಕೆತ್ತಿಸಲಿ. ಹಿರಿಯ ವಿದ್ಯಾರ್ಥಿಗಳು ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಅಟ್ಟದ ಮೇಲಿನ ಹಂಡೆಯೊಂದನ್ನು ಕೆಳಗಿಳಿಸಿ ಉಜ್ಜಿ ನೋಡಲಿ. ಉತ್ತರ ಹೇಳಬಲ್ಲ ಹಿರಿಯಳು ಇನ್ನೂ ಒಲೆಯ ಮುಂದೆ ಕುಳಿತಿರುವ ಮನೆಗಳು ಬಹಳವಿವೆ. ಅಲ್ಲಿ ಕೇಳುವ ಕೆಲಸವನ್ನು ನಾಳೆಗೆ ಇಡಬಾರದು.