‘ಅಣ್ಣ ಇದ್ದಿದ್ರೆ...’



ತಾಲೂಕು ಸಂಚಾಲಕಿ ಅಂತ ನನ್ನ ಹೆಸರು ಘೋಷಿಸಿ ಎರಡು ವರ್ಷ ಆಯ್ತು. ಈ ಎರಡು ವರ್ಷದಲ್ಲಿ ಅತಿ ಹೆಚ್ಚು ಸಲ ಕೇಳಿಸಿಕೊಂಡ ಮಾತು, "ಅಣ್ಣ ಇದ್ದಿದ್ರೆ ಹಿಂಗಾಗ್ತಿರಲಿಲ್ಲ." ಹೇಳೋದು ವಿರೋಧಿಗಳಲ್ಲ, ನಮ್ಮೋರೇ. ಕಷ್ಟ ಏನಂದ್ರೆ, ರಾತ್ರಿ ಮಲಗಿದಾಗ ನನಗೂ ಹಂಗೇ ಅನ್ಸುತ್ತೆ.

ಅಣ್ಣ ತಮಟೆ ಹಿಡಿದು ಹಾಡೋಕೆ ನಿಂತರೆ ಹೊಲದಲ್ಲಿದ್ದೋರು ಕುಡುಗೋಲು ಬಿಟ್ಟು ಬರ್ತಿದ್ರು. ಭದ್ರಾವತಿಯ ಕಾಲೇಜಲ್ಲಿ ಕನ್ನಡ ಪಾಠ ಮಾಡ್ತಾ ದಲಿತ ಸಂಘರ್ಷ ಸಮಿತಿ ಕಟ್ಟಿದ ಬಿ. ಕೃಷ್ಣಪ್ಪನವರನ್ನು ಕಣ್ಣಾರೆ ಕಂಡ ತಲೆಮಾರು ಅದು. ನನಗೆ ಹಾಡೋಕೆ ಬರಲ್ಲ. ಮೈಕ್ ಹಿಡಿದ್ರೆ ಗಂಟಲು ಒಣಗುತ್ತೆ. ಹೆಣ್ಮಗಳು ಬೇರೆ, ಸಭೆ ಒಂಬತ್ತು ಗಂಟೆ ದಾಟಿದ್ರೆ ಮನೆಯಿಂದ ಫೋನು.

ನಾಸಿಕದ ದಾದಾಸಾಹೇಬ್ ಗಾಯಕವಾಡರು ಆಗಾಗ ನೆನಪಾಗ್ತಾರೆ. ಬಾಬಾಸಾಹೇಬರು ತೀರಿಕೊಂಡ ಮರುವರ್ಷ, 1957ರಲ್ಲಿ, ರಿಪಬ್ಲಿಕನ್ ಪಕ್ಷ ಹುಟ್ತು. ಗಾಯಕವಾಡರು ಹೆಚ್ಚು ಓದಿದವರಲ್ಲ, ಧೋತ್ರ ಉಡೋರು. ಕೊಲಂಬಿಯಾದಲ್ಲಿ ಓದಿದ ಮಹಾನುಭಾವರ ಜಾಗಕ್ಕೆ ಇವರಾ ಅಂತ ಪಕ್ಷದೊಳಗಿನ ಓದಿದೋರೇ ಮೂಗು ಮುರಿದ್ರು, ಪಕ್ಷವೂ ಒಡೀತು. ಅದೇ ಧೋತ್ರದ ಮನುಷ್ಯ 1959ರಲ್ಲಿ, ಮತ್ತೆ 1964ರಲ್ಲಿ ಭೂಮಿಗಾಗಿ ಸತ್ಯಾಗ್ರಹ ನಡೆಸಿದ್ರು. ಭೂಹೀನರು ಜೈಲು ತುಂಬಿದ್ರು. ಬಾಬಾಸಾಹೇಬರ ಥರ ಗ್ರಂಥ ಬರೆಯೋಕೆ ಅವರು ಹೋಗಲಿಲ್ಲ, ಜಮೀನು ಕೇಳೋಕೆ ಹೋದ್ರು.

ನಾನೂ ಈಗ ಒಂದು ಜಮೀನಿನ ಹಿಂದೆ ಬಿದ್ದಿದ್ದೀನಿ. ನಮ್ಮ ಕೇರಿಯ ಅಜ್ಜಿಯೊಬ್ಬರ ಪಿಟಿಸಿಎಲ್ ಕೇಸು. ಸರ್ಕಾರ ಮಂಜೂರು ಮಾಡಿದ ಎರಡು ಎಕರೆ, ಮಗಳ ಮದುವೆ ಸಾಲಕ್ಕೆ ಕೈಬಿಟ್ಟಿದ್ದು. ಅಂಥ ಜಮೀನು ವಾಪಸ್ ಕೊಡಿಸೋಕೆ 1978ರ ಕಾಯ್ದೆ ಇದೆ. ಆದ್ರೆ 2017ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಎಲ್ಲಿ ಹೋದ್ರೂ ‘ತಡ ಮಾಡಿದ್ರಿ’ ಅನ್ನೋ ಉತ್ತರ. ನಮ್ಮ ಜನ ಬೀದಿಗಿಳಿದ ಮೇಲೆ 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬಂತು. ಆದ್ರೂ ಎದುರು ಪಾರ್ಟಿಯವರ ವಾದ ಅದೇ, ತಡ.

ಇದಕ್ಕೆ ತಮಟೆ ಸಾಲಲ್ಲ. ಸಾಗುವಳಿ ಚೀಟಿ ಬೇಕು, ಮಂಜೂರಾತಿ ನಕಲು ಬೇಕು, ಹಳೇ ಪಹಣಿ ಬೇಕು. ರೆಕಾರ್ಡ್ ರೂಮಿಗೆ ಹನ್ನೊಂದು ಸಲ ಅಲೆದೆ. ಹನ್ನೊಂದನೇ ಸಲ ಸಿಕ್ಕ ಕಂತೆಯಲ್ಲಿ ಒಂದು ಅರ್ಜಿ ಇತ್ತು. 1996ರದ್ದು. ಅಜ್ಜಿಯ ಹೆಬ್ಬೆಟ್ಟು, ಅಕ್ಷರ ಅಣ್ಣಂದು. ಮೇಲೆ ಸ್ವೀಕೃತಿ ಮೊಹರು. ಅವರಿದ್ದಾಗಲೂ ಆಗಿರಲಿಲ್ಲ ಅನ್ನೋದು ಆವತ್ತೇ ನನಗೆ ಗೊತ್ತಾಗಿದ್ದು. ಎಷ್ಟು ಹೊತ್ತು ಅಲ್ಲೇ ಕೂತಿದ್ನೋ. ವಕೀಲರು ನೋಡಿ, "ತಡ ಅನ್ನೋರಿಗೆ ಇದೇ ಉತ್ತರ ಕಣಮ್ಮ" ಅಂದ್ರು.

ಮುಂದಿನ ತಿಂಗಳು ಎಸಿ ಕೋರ್ಟಲ್ಲಿ ವಿಚಾರಣೆ. ಅಜ್ಜಿಗೆ ಮಂಡಿ ನೋವು, ಬಸ್ಸು ಹತ್ತೋಕಾಗಲ್ಲ. ಗಾಡಿ ಇರೋರು, ಒಂದು ದಿನ ಬಿಡುವು ಮಾಡ್ಕೊಳ್ಳೋರು ಇನ್‌ಬಾಕ್ಸ್‌ಗೆ ಬನ್ನಿ. ಭಾಷಣ ಇರಲ್ಲ.