ಮಗ್ಗ, ಬೆನ್ನು ಮತ್ತು ಮನಸ್ಸಿನ ಮಾತು

ಬೆನ್ನುನೋವಿಗೆ ಔಷಧಿ ಕೇಳುವವರು ಬಹಳ. ಹೇಳಿಕೊಟ್ಟ ವ್ಯಾಯಾಮವನ್ನು ಮೂರು ತಿಂಗಳು ಬಿಡದೆ ಮಾಡುವವರು ವಿರಳ. ನೋವು ಇಳಿದ ದಿನವೇ ವ್ಯಾಯಾಮವೂ ನಿಲ್ಲುತ್ತದೆ. ಕೆಲಕಾಲದಲ್ಲೇ ನೋವು ಮರಳಿ ಬರುತ್ತದೆ. ಈ ಸುತ್ತಿನಿಂದ ಹೊರಬರುವ ಬಗೆಯನ್ನು ಕುರಿತು ನಾನು ಆಲೋಚಿಸುವಂತೆ ಮಾಡಿದವನು ಮೊಳಕಾಲ್ಮೂರಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡವೆಂದಿದ್ದಾನೆ.

ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತ ಸಂಗತಿಯನ್ನು ನೀವೆಲ್ಲ ಬಲ್ಲಿರಿ. ಆ ಸೀರೆಯ ಹಿಂದಿರುವ ಬೆನ್ನನ್ನು ಬಲ್ಲವರು ಕಡಿಮೆ. ಗುಂಡಿಮಗ್ಗದಲ್ಲಿ ನೇಕಾರ ಕಾಲುಗಳನ್ನು ಗುಂಡಿಯೊಳಗೆ ಇಳಿಬಿಟ್ಟು, ಮಣೆ ತುಳಿಯುತ್ತಾ, ಒಂದು ಕೈಯಿಂದ ಲಾಳಿಯ ಹಗ್ಗ ಎಳೆಯುತ್ತಾ, ಮುಂದಕ್ಕೆ ಬಾಗಿ ದಿನವಿಡೀ ಕುಳಿತಿರಬೇಕು. ಇಪ್ಪತ್ತೈದು ವರ್ಷ ಹಾಗೆ ಕುಳಿತ ನನ್ನ ವಿದ್ಯಾರ್ಥಿಗೆ ಸೊಂಟದ ನೋವು ಅಂಟಿಕೊಂಡಿತು. ಚಳ್ಳಕೆರೆಯಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಇದ್ದಾರೆಂದು ತಿಳಿದು, ಹಾನಗಲ್, ತಳುಕಿನ ದಾರಿಯಾಗಿ ಬಸ್ಸಿನಲ್ಲಿ ಹೋಗಿಬಂದು ಚಿಕಿತ್ಸೆ ಪಡೆದ. ಗುಣವಾಯಿತು, ವ್ಯಾಯಾಮ ಬಿಟ್ಟ, ನೋವು ಮರಳಿತು. ಮತ್ತೆ ಹಾಗೆಯೇ ಆಯಿತು. ಮೂರನೆಯ ಬಾರಿ ಬಂದಾಗ ಮಗ್ಗವನ್ನೇ ಮಾರಿಬಿಡುವ ಮಾತಾಡಿದ. "ಸಾರ್, ನನ್ನ ಬೆನ್ನು ಮುರಿದುಹೋಗಿದೆ" ಎಂದ. ಮನೆಯಲ್ಲಿ ನಾಲ್ಕು ಜನ ಆ ಮಗ್ಗವನ್ನೇ ನಂಬಿದ್ದರು.

ಅದೇ ಸಮಯದಲ್ಲಿ ಬೆಂಗಳೂರಿನಲ್ಲಿರುವ ಅವನ ಸೋದರಳಿಯ ಎನ್‌ಎಲ್‌ಪಿ, ಅಂದರೆ ನ್ಯೂರೋ-ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್, ಎಂಬ ವಿದ್ಯೆಯ ಎರಡು ದಿನಗಳ ಶಿಬಿರ ಮುಗಿಸಿ ಬಂದ. ಒಂದೇ ಬೈಠಕ್ಕಿನಲ್ಲಿ ನೋವನ್ನು ಅಳಿಸಿಹಾಕಬಹುದೆಂಬುದು ಅವನ ನಂಬಿಕೆ. ಮಾವ ಗೊಂದಲಕ್ಕೆ ಬಿದ್ದು ನನ್ನ ಬಳಿಗೆ ಬಂದ. ಮೇಷ್ಟ್ರಾದವನಿಗೆ ಓದಿ ಹೇಳುವುದೊಂದೇ ದಾರಿ, ಓದಿದೆ.

ಈ ಪದ್ಧತಿಯನ್ನು 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪಿಸಿದವರು ರಿಚರ್ಡ್ ಬ್ಯಾಂಡ್ಲರ್ ಮತ್ತು ಭಾಷಾವಿಜ್ಞಾನಿ ಜಾನ್ ಗ್ರಿಂಡರ್. ಹೆಸರಾಂತ ಚಿಕಿತ್ಸಕರು ಆಡುವ ಮಾತುಗಳನ್ನು ಗಮನಿಸಿ, ಅವುಗಳಿಂದ ತಂತ್ರಗಳನ್ನು ಹೆಕ್ಕಿದರು. ಆ ಚಿಕಿತ್ಸಕರಲ್ಲಿ ಒಬ್ಬರು ಮನೋವೈದ್ಯ ಮಿಲ್ಟನ್ ಎರಿಕ್ಸನ್. ಹದಿನೇಳನೆಯ ವಯಸ್ಸಿನಲ್ಲಿ ಪೋಲಿಯೊ ತಗುಲಿ ಹಾಸಿಗೆ ಹಿಡಿದಿದ್ದ ಅವರು, ಹಿಂದಿನ ಚಲನೆಗಳ ನೆನಪನ್ನು ಮನಸ್ಸಿನಲ್ಲಿ ತಂದುಕೊಳ್ಳುತ್ತಾ, ನಡೆಯಲು ಕಲಿಯುತ್ತಿದ್ದ ಪುಟ್ಟ ತಂಗಿಯನ್ನು ಗಮನಿಸುತ್ತಾ ಚೇತರಿಸಿಕೊಂಡುದಾಗಿ ಹೇಳಿಕೊಂಡಿದ್ದರು. ಆದರೆ ಆ ಚೇತರಿಕೆ ಒಂದೇ ದಿನದಲ್ಲಿ ಆಗಲಿಲ್ಲ. ತಿಂಗಳುಗಟ್ಟಲೆ ದೇಹವೂ ದುಡಿದಿತ್ತು.

ಪುರಾವೆಯ ಮಾತಿಗೆ ಬಂದರೆ ಎನ್‌ಎಲ್‌ಪಿಯ ಸ್ಥಿತಿ ಅಷ್ಟು ಗಟ್ಟಿಯಾಗಿಲ್ಲ. ಆರೋಗ್ಯದ ಮೇಲೆ ಅದರ ಪರಿಣಾಮವನ್ನು ಪರಿಶೀಲಿಸಿದ ಲೇಖನವೊಂದು 2012ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಜನರಲ್ ಪ್ರ್ಯಾಕ್ಟೀಸ್‌ನಲ್ಲಿ ಪ್ರಕಟವಾಯಿತು. ಪ್ರಯೋಜನವಿದೆಯೆನ್ನಲು ಸಾಕಷ್ಟು ಆಧಾರವಿಲ್ಲವೆಂಬುದೇ ಅದರ ಸಾರ. ಹಾಗೆಂದು ಆ ವಿದ್ಯೆಯಲ್ಲಿರುವುದೆಲ್ಲ ಹುರುಳಿಲ್ಲದ್ದೆನ್ನಲಾಗದು. ಒಂದು ಗುರುತಿಗೆ ಒಂದು ಕ್ರಿಯೆಯನ್ನು ಕಟ್ಟುವುದನ್ನು ಅವರು ಆ್ಯಂಕರಿಂಗ್ ಎನ್ನುತ್ತಾರೆ. ಇದಕ್ಕೆ ಹತ್ತಿರವಾದ ವಿಚಾರವನ್ನು ಬೇರೆ ವಿಜ್ಞಾನಿಗಳು ಚೆನ್ನಾಗಿ ಪರೀಕ್ಷಿಸಿದ್ದಾರೆ. "ಇಂಥದ್ದು ಆದಾಗ ಇಂಥದ್ದನ್ನು ಮಾಡುತ್ತೇನೆ" ಎಂದು ಮೊದಲೇ ನಿಶ್ಚಯಿಸಿಕೊಂಡವರು ಸಂಕಲ್ಪವನ್ನು ಹೆಚ್ಚಾಗಿ ಈಡೇರಿಸುತ್ತಾರೆಂದು ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಸರ್ ತೋರಿಸಿಕೊಟ್ಟರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ, ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಸುಮಾರು 66 ದಿನ ಬೇಕೆಂದು ಕಂಡುಕೊಂಡರು. ಕೆಲವರಿಗೆ 18 ದಿನ ಸಾಕು. ಕೆಲವರಿಗೆ 254 ದಿನ ಬೇಕಾಗಬಹುದೆಂಬುದು ಅವರ ಲೆಕ್ಕ. ನಡುವೆ ಒಂದು ದಿನ ತಪ್ಪಿದರೂ ಅಭ್ಯಾಸ ಕೆಡಲಿಲ್ಲವೆಂಬುದು ನನಗೆ ಬಹಳ ಹಿಡಿಸಿದ ಮಾತು.

ಇಷ್ಟನ್ನು ತಿಳಿದುಕೊಂಡು ಅವನೊಡನೆ ನಾನೂ ಚಳ್ಳಕೆರೆಗೆ ಹೋದೆ. ಆ ಫಿಸಿಯೋಥೆರಪಿಸ್ಟ್ ನಮ್ಮ ಮಾತನ್ನೆಲ್ಲ ಸಮಾಧಾನದಿಂದ ಕೇಳಿ, ಮೊದಲು ಅವನ ಮಾತನ್ನು ತಿದ್ದಿದರು: "ನಿಮ್ಮ ಬೆನ್ನು ಮುರಿದಿಲ್ಲ ಅಣ್ಣಾ, ಬಿಗಿದುಕೊಂಡಿದೆ. ಬಿಗಿದದ್ದನ್ನು ಸಡಿಲಿಸಬಹುದು." ಬಳಿಕ ಅವನ ಕಸುಬಿನ ಕ್ರಮವನ್ನು ವಿವರವಾಗಿ ಕೇಳಿದರು. ನೇಯುವಾಗ ಲಾಳಿಯೊಳಗಿನ ಕಂಡಿಕೆಯ ನೂಲು ಮತ್ತೆ ಮತ್ತೆ ಮುಗಿಯುತ್ತದೆ. ಆಗ ಕೈ ನಿಲ್ಲಲೇಬೇಕು. ಅದನ್ನೇ ಗುರುತಾಗಿ ಹಿಡಿದರು. ಕಂಡಿಕೆ ಮುಗಿದಾಗ ಬೆನ್ನು ನೆಟ್ಟಗೆ ಮಾಡಿ ಭುಜ ಹಿಂದಕ್ಕೆಳೆದು ನಾಲ್ಕು ಉಸಿರು. ಊಟಕ್ಕೆ ಏಳುವ ಮುನ್ನ ಗುಂಡಿಯಿಂದ ಮೇಲೆ ಬಂದು ಸ್ವಲ್ಪ ನಡಿಗೆ. ರಾತ್ರಿ ಚಾಪೆ ಹಾಸಿದೊಡನೆ ಸೊಂಟದ ಸ್ನಾಯುಗಳಿಗೆ ಬಲ ಕೊಡುವ ಮೂರು ವ್ಯಾಯಾಮ. ಸೋದರಳಿಯನಿಗೂ ಒಂದು ಕೆಲಸ ಸಿಕ್ಕಿತು: ದಿನವೂ ಫೋನು ಮಾಡಿ, "ನೋವು ಹೇಗಿದೆ ಮಾವ?" ಎಂಬುದರ ಬದಲು "ಇವತ್ತು ಎಷ್ಟು ಹೊತ್ತು ಆರಾಮವಾಗಿ ಕೂತೆ?" ಎಂದು ಕೇಳುವುದು.

ಪವಾಡವೇನೂ ನಡೆಯಲಿಲ್ಲ. ಮೊದಲ ತಿಂಗಳು ಕಷ್ಟದಲ್ಲೇ ಕಳೆಯಿತು. ಮೂರನೆಯ ತಿಂಗಳಿಗೆ ಕಂಡಿಕೆ ಮುಗಿದರೆ ಬೆನ್ನು ತಾನಾಗಿಯೇ ನೆಟ್ಟಗಾಗತೊಡಗಿತು. ವರ್ಷವಾಯಿತು, ಈಗಲೂ ಕೆಲವು ದಿನ ನೋವು ಬರುತ್ತದೆ, ಆದರೆ ಅವನು ಅದಕ್ಕೆ ಮೊದಲಿನಂತೆ ಹೆದರುವುದಿಲ್ಲ. ಮಗ್ಗ ಮನೆಯಲ್ಲೇ ಇದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಕಾಲು ಜೋಮು ಹಿಡಿದು ಬಲಗುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅದು ಮಾತಿನಿಂದಾಗಲಿ ವ್ಯಾಯಾಮದಿಂದಾಗಲಿ ಹೋಗುವ ನೋವಲ್ಲ. ಆ ಕ್ಷಣವೇ ವೈದ್ಯರಲ್ಲಿಗೆ ಹೋಗಬೇಕು. ಹಣ ತೆಗೆದುಕೊಂಡು ಒಂದೇ ದಿನದಲ್ಲಿ ನೋವು ಅಳಿಸುತ್ತೇನೆನ್ನುವವರಿಂದ ದೂರವಿರಿ.

ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ನಿಮ್ಮಲ್ಲಿ ಹಲವರು ಈಗ ಕಂಪ್ಯೂಟರಿನ ಮುಂದೆ ನೇಕಾರರಂತೆಯೇ ಬಾಗಿ ಕುಳಿತಿದ್ದೀರಿ. ಸ್ನಾಯುವಿಗೆ ಬೇಕಾದುದು ವ್ಯಾಯಾಮವೇ; ಅದು ನಾಳೆಯೂ ನಾಡಿದ್ದೂ ನಡೆಯುವಂತೆ ನೋಡಿಕೊಳ್ಳುವುದು ಮನಸ್ಸಿನ ಹೊಣೆ. ನಿಮ್ಮ ದಿನದಲ್ಲಿಯೂ ಒಂದು ಕಂಡಿಕೆ ಮುಗಿಯುವ ಹೊತ್ತು ಇದ್ದೇ ಇರುತ್ತದೆ. ಅದನ್ನು ಗುರುತಿಸಿಕೊಳ್ಳಿ.