ಮಿರ್ದಿಫ್‌ನಿಂದ ಬಜ್ಪೆಗೆ

ದುಬೈ ವಿಮಾನ ನಿಲ್ದಾಣದ ಪಕ್ಕದ ಮಿರ್ದಿಫ್‌ನಲ್ಲಿ ಹೆಚ್ಚಿನ ದಿನ ವಿಮಾನಗಳು ಮನೆಗಳ ಮೇಲೆಯೇ ತಗ್ಗಿ ಇಳಿಯಲು ಹೋಗುತ್ತವೆ. ಅಲ್ಲಿರುವವರಿಗೆ ಅದು ಬರೀ ಗಲಾಟೆ. ನಮಗೆ ಮಾತ್ರ ಪಾಠಶಾಲೆಯಾಯಿತು.

ಹೋದ ಸಲ ವಿಮಾನ ಕುಲುಕಿ ಹೆದರಿದ್ದ ಐದು ವರ್ಷದ ಮಗಳು "ನಾನು ಬರುದಿಲ್ಲ, ಅಜ್ಜಿಯೇ ಇಲ್ಲಿಗೆ ಬರಲಿ" ಅಂತ ಹಟ ಹಿಡಿದಿದ್ದಳು. ಮೊಣಕಾಲು ನೋವಿನ ಅಜ್ಜಿ ಎಲ್ಲಿಂದ ಬರಬೇಕು? ಹಾಗಾಗಿ ನಾಲ್ಕು ಸಂಜೆ ಮಿರ್ದಿಫ್‌ಗೆ ಹೋಗಿ ವಿಮಾನ ಎಣಿಸಿದೆವು. "ಹೊಟ್ಟೆಯ ಕೆಳಗೆ ಚಕ್ರ ಕಾಣ್ತದಾ? ಮೇಲೆ ಹಾರಿದ ಮೇಲೆ ಕಾಲಡಿ ಧಡ್ ಅನ್ನುವುದು ಅದೇ, ಒಳಗೆ ಹೋಗುವ ಸದ್ದು" ಎಂದೆ. ಮಳೆಮೋಡದಲ್ಲಿ ಕುಲುಕುವುದು ಶಿರಾಡಿ ಘಾಟಿಯ ಬಸ್ಸಿನ ಹಾಗೆ, ಬೆಲ್ಟ್ ಹಾಕಿದರೆ ಸಾಕು. ಇಳಿಯುವಾಗ ಕಿವಿ ಕಟ್ಟಿದರೆ ಗುಟುಕು ಗುಟುಕು ನೀರು. ಬಜ್ಪೆ ರನ್‌ವೇ ಗುಡ್ಡದ ತಲೆಯ ಮೇಲಿದೆ. ನೆಲ ಮುಟ್ಟಿದ ಕೂಡಲೇ ಇಂಜಿನ್ ಗುಡುಗುವುದು ವೇಗ ತಗ್ಗಿಸಲಿಕ್ಕೆ.

"ಹೆದರಬೇಡ" ಅಂದರೆ ಮಕ್ಕಳ ಹೆದರಿಕೆ ಹೋಗುವುದಿಲ್ಲ. ಮುಂದಿನ ಸದ್ದು ಯಾವುದು ಅಂತ ಮೊದಲೇ ಗೊತ್ತಿದ್ದರೆ ಅದಕ್ಕೆ ಕಾಯುತ್ತಾರೆ. ಸುಮಾರು ಮೂರೂವರೆ ಗಂಟೆಯ ದಾರಿ. ಜುಲೈ ರಜೆಗೆ ಹೊರಡುವವರು ಪೆಟ್ಟಿಗೆ ಕಟ್ಟುವ ಮೊದಲು ಮಗುವಿಗೆ ಅಲ್ಲಿ ಒಂದು ಸಂಜೆ ವಿಮಾನ ತೋರಿಸಿ.